ಬೈಲಿಗೊಂದು ಆಳ, ಬೆಟ್ಟಿಗೊಂದು ಆಳ

ಮಳೆಗಾಲದ ಏಣೆಲು ಬೆಳೆಯ ಕೊಯ್ಲು ಮುಗಿದು, ಗದ್ದೆಯ ನೀರು ಬಸಿದ ಮೇಲೆ ಕಂಡದ ನಡುವೆ ಒಂದು ಅಡಿ ಆಳದ ಗುಂಡಿ ತೋಡಿ ನೋಡಬೇಕು. ಹಾರೆಯ ಮೊದಲ ಏಟಿಗೆ ಮಣ್ಣು ಸಲೀಸಾಗಿ ಬರುತ್ತದೆ. ಕಪ್ಪು ಬಣ್ಣದ, ಭತ್ತದ ಬೇರು ಹೆಣೆದುಕೊಂಡ, ಹಿಸುಕಿದರೆ ಉದುರುವ ಮಣ್ಣು. ಒಂದು ಗೇಣು ಇಳಿಯುವಷ್ಟರಲ್ಲಿ ಹಾರೆಯ ಸದ್ದೇ ಬೇರೆಯಾಗುತ್ತದೆ. ಅದು ಕಚ್ಚುವುದಿಲ್ಲ, ಜಾರುತ್ತದೆ. ಗುಂಡಿಯ ಬದಿಯನ್ನು ಕತ್ತಿಯಿಂದ ಸವರಿದರೆ ಅಲ್ಲೊಂದು ಪಟ್ಟಿ ಎದ್ದು ಕಾಣುತ್ತದೆ: ಮೂರು ನಾಲ್ಕು ಬೆರಳು ದಪ್ಪ, ಬೂದು ಬಣ್ಣ, ನಡುನಡುವೆ ತುಕ್ಕು ಹಿಡಿದಂಥ ಗೆರೆಗಳು. ಕತ್ತಿಯ ಮೊನೆಯನ್ನು ಮೇಲಿನ ಮಣ್ಣಿಗೆ ಒತ್ತಿದರೆ ಹಿಡಿಯವರೆಗೂ ಇಳಿಯುತ್ತದೆ, ಈ ಪಟ್ಟಿಗೆ ಒತ್ತಿದರೆ ಮೊನೆಯಷ್ಟೇ ಹೋಗುತ್ತದೆ. ಪಟ್ಟಿ ದಾಟಿದರೆ ಮತ್ತೆ ಮೆದು ಮಣ್ಣು, ಅದರಲ್ಲಿ ತೇವ.

ಅಂಥ ಗದ್ದೆಗೆ ಉದ್ದು ಬಿತ್ತಿದ್ದರೆ ಒಂದು ಗಿಡವನ್ನು ಮಣ್ಣುಸಹಿತ ಮೆಲ್ಲನೆ ಎಬ್ಬಿಸಿ ಬೇರು ತೊಳೆಯಿರಿ. ನೆಟ್ಟಗೆ ಇಳಿಯಬೇಕಾದ ತಾಯಿಬೇರು ಪಟ್ಟಿಯ ಮೇಲ್ಮೈ ಮುಟ್ಟಿದಲ್ಲೇ ಅಡ್ಡಕ್ಕೆ ತಿರುಗಿರುತ್ತದೆ. ತೇವ ಇರುವುದು ಕೆಳಗೆ, ಬೇರು ನಿಂತಿರುವುದು ಮೇಲೆ. ಮಳೆ ಬಿಟ್ಟು ಎರಡು ತಿಂಗಳಾಗುವಾಗ ಗಿಡ ಬಾಡಲು ಶುರುವಾದರೆ ನಾವು ಬಿಸಿಲನ್ನು ದೂರುತ್ತೇವೆ, ಬೀಜವನ್ನು ದೂರುತ್ತೇವೆ. ಗುಂಡಿ ತೋಡಿ ನೋಡುವವರು ಕಡಿಮೆ.

ಈ ಪಟ್ಟಿ ದೇವರು ಇಟ್ಟದ್ದಲ್ಲ, ಉಳುಮೆ ಮಾಡಿದ್ದು. ಕೆಸರು ಮಾಡಿ ಉತ್ತಾಗ ಮಣ್ಣಿನ ನಯವಾದ ಕಣಗಳು ನೀರಿನೊಂದಿಗೆ ಇಳಿದು ಉಳುಮೆಯ ತಳದಲ್ಲಿ ಕೂರುತ್ತವೆ. ಅದರ ಮೇಲೆ ಕೋಣಗಳ ಗೊರಸು, ನೇಜಿ ನೆಡುವವರ ಹೆಜ್ಜೆ, ಈಗ ಟಿಲ್ಲರಿನ ಕಬ್ಬಿಣದ ಚಕ್ರ. ವರ್ಷ ವರ್ಷವೂ ಅದೇ ಆಳಕ್ಕೆ ಉತ್ತರೆ ತಳ ಗಟ್ಟಿಯಾಗುತ್ತಲೇ ಹೋಗುತ್ತದೆ. ಕೃಷಿ ವಿಜ್ಞಾನದ ಪುಸ್ತಕಗಳು ಇದನ್ನು ಉಳುಮೆಯ ಗಟ್ಟಿ ಪದರ ಎಂದು ಕರೆದು, ಒಡೆಯಬೇಕು ಎನ್ನುತ್ತವೆ. ಆ ಮಾತನ್ನು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಗದ್ದೆಗಳಿಗೆ ಹಾಗೆಯೇ ತಂದರೆ ಅನಾಹುತವಾಗುತ್ತದೆ. ಇಲ್ಲಿ ಕೆಲವು ಗದ್ದೆಗಳಲ್ಲಿ ಆ ಪದರವನ್ನು ಒಡೆಯಲೇಬೇಕು, ಕೆಲವು ಗದ್ದೆಗಳಲ್ಲಿ ಅದನ್ನು ಮುಟ್ಟಲೇಬಾರದು. ಎರಡೂ ಬಗೆಯ ಗದ್ದೆ ಒಂದೇ ಮನೆಯವರದ್ದಾಗಿರುತ್ತದೆ, ನಡುವೆ ಇರುವುದು ಒಂದೆರಡು ಹುಣಿ ಅಷ್ಟೆ.

1801ರ ಆರಂಭದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಈ ಊರುಗಳ ದಾರಿಯಲ್ಲೇ ಹೋದ. ಮಂಗಳೂರಿನಿಂದ ಫರಂಗಿಪೇಟೆ, ಬಂಟ್ವಾಳ, ಬೆಳ್ತಂಗಡಿ, ಜಮಾಲಾಬಾದ್, ವೇಣೂರು, ಮೂಡುಬಿದಿರೆ, ಅಲ್ಲಿಂದ ಕಾರ್ಕಳ. ದಾರಿಯುದ್ದಕ್ಕೂ ಬೇಸಾಯದ ವಿವರ ಕೇಳಿ ಬರೆದುಕೊಂಡ. 1807ರಲ್ಲಿ ಅಚ್ಚಾದ ಅವನ ಪ್ರವಾಸ ಗ್ರಂಥದಲ್ಲಿ ಬೈಲು, ಮಜಲು, ಬೆಟ್ಟು ಎಂಬ ಮೂರು ಬಗೆಯ ಗದ್ದೆಗಳೂ ಏಣೆಲು, ಸುಗ್ಗಿ, ಕೊಳಕೆ ಎಂಬ ಮೂರು ಬೆಳೆಗಳೂ ಬರುತ್ತವೆ. ಎರಡು ಶತಮಾನ ಕಳೆದರೂ ಆ ವಿಂಗಡಣೆ ಹಳತಾಗಿಲ್ಲ. ಬೈಲು ಗುಡ್ಡಗಳ ನಡುವಿನ ತಗ್ಗು. ತೋಡಿನ ನೀರು, ಜೇಡಿ ಬೆರೆತ ಮಣ್ಣು, ಮೊದಲು ಮೂರು ಬೆಳೆ ಕೊಡುತ್ತಿದ್ದ ಜಾಗ. ಮಜಲು ಅದಕ್ಕಿಂತ ಒಂದೆರಡು ಮೆಟ್ಟಿಲು ಮೇಲೆ, ಎರಡು ಬೆಳೆಗೆ ಸಾಕು. ಬೆಟ್ಟು ಗುಡ್ಡದ ಸೆರಗಿನಲ್ಲಿ ಮಳೆಯನ್ನೇ ನಂಬಿದ ಗದ್ದೆ. ಅಲ್ಲಿ ಭತ್ತದ ಒಂದೇ ಬೆಳೆ, ಮಣ್ಣಿನಲ್ಲಿ ಮುರಕಲ್ಲಿನ ಹರಳು.

ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಬೀಳುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೇ ಸುರಿದು ಮುಗಿಯುತ್ತದೆ. ಬೈಲಿನಲ್ಲಿ ಗಟ್ಟಿ ಪದರ ಇರುವುದರಿಂದಲೇ ಕಂಡದಲ್ಲಿ ನೀರು ನಿಲ್ಲುತ್ತದೆ, ಹಾಕಿದ ಗೊಬ್ಬರ ಪಾತಾಳಕ್ಕೆ ಇಳಿಯುವುದಿಲ್ಲ, ನೇಜಿ ನೆಡುವವರ ಕಾಲು ಹೂತು ಹೋಗುವುದಿಲ್ಲ. ಅಲ್ಲಿಗೆ ದೊಡ್ಡ ಟ್ರ್ಯಾಕ್ಟರ್ ಇಳಿಸಿ ಆಳಕ್ಕೆ ಸೀಳಿದರೆ ಮುಂದಿನ ಮಳೆಗಾಲದಲ್ಲಿ ನೀರು ನಿಲ್ಲುವುದಿಲ್ಲ, ತಳವಿಲ್ಲದ ಕೆಸರಿನಲ್ಲಿ ಯಂತ್ರವೇ ಹೂತುಕೊಳ್ಳುತ್ತದೆ, ಮತ್ತೆ ತಳ ಕಟ್ಟಲು ವರ್ಷಗಳು ಬೇಕು. ಬೆಟ್ಟಿನಲ್ಲಿ ಲೆಕ್ಕ ತಿರುಗುಮುರುಗು. ಮಳೆ ಬಿಟ್ಟ ಮೇಲೆ ಅಲ್ಲಿ ಬೆಳೆಯಬೇಕಾದ್ದು ಉದ್ದು, ಹೆಸರು, ಅಲಸಂಡೆ, ಸೌತೆ. ಇವಕ್ಕೆ ಬೇರು ಇಳಿಯಲು ದಾರಿ ಬೇಕು, ತಡವಾಗಿ ಬಂದ ಒಂದೆರಡು ಮಳೆ ಮಣ್ಣಿನೊಳಗೆ ಇಂಗಬೇಕು. ಮಜಲಿನ ವಿಷಯ ಇನ್ನೂ ಸೂಕ್ಷ್ಮ. ಅಲ್ಲಿ ಪದರವನ್ನು ಪೂರ್ತಿ ಒಡೆಯದೆ, ಸಾಲಿಗೊಂದರಂತೆ ಸೀಳು ಬಿಟ್ಟರೆ ಸಾಕು.

ಅಂದರೆ ಇಲ್ಲಿಗೆ ಬೇಕಾದ್ದು ಆಳಕ್ಕೆ ಹೋಗುವ ನೇಗಿಲಲ್ಲ, ಆಳವನ್ನು ಬದಲಿಸಲು ಬರುವ ನೇಗಿಲು. ಮಣ್ಣನ್ನು ಮಗುಚಿ ಹಾಕದೆ ತಳದಲ್ಲಿ ಸಡಿಲಿಸುವ ಒಂದು ಹಲ್ಲು, ಅದನ್ನು ಗದ್ದೆಯಿಂದ ಗದ್ದೆಗೆ ಏರಿಸಿ ಇಳಿಸುವ ಸೌಕರ್ಯ.

ಇದು ಹೊಸ ಬೇಡಿಕೆಯೂ ಅಲ್ಲ. ಮರದ ನೇಗಿಲಿನಲ್ಲಿ ಆ ಸೌಕರ್ಯ ಇತ್ತು. ಈಸು ನೇಗಿಲಿನ ಮೈಯನ್ನು ಸೇರುವ ತೂತಿನಲ್ಲಿ ಒಂದು ಬೆಣೆ ಇರುತ್ತದೆ. ಬೆಣೆಯನ್ನು ಬಡಿದೋ ಸಡಿಲಿಸಿಯೋ ಈಸನ್ನು ತುಸು ತಗ್ಗಿಸಿದರೆ ಕುಳದ ಮೊನೆ ನೆಲಕ್ಕೆ ಹೆಚ್ಚು ಚೂಪಾಗಿ ನಾಟಿ ಉಳುಮೆ ಆಳವಾಗುತ್ತದೆ, ಈಸು ಮೇಲೆದ್ದರೆ ಕುಳ ತೇಲುತ್ತದೆ. ಈಸಿನ ತುದಿಯಲ್ಲಿ ನೊಗ ಕಟ್ಟಲು ಕಚ್ಚುಗಳಿರುತ್ತವೆ. ನೊಗವನ್ನು ಒಂದು ಕಚ್ಚು ಮುಂದಕ್ಕೆ ಕಟ್ಟಿದರೂ ಆಳ ಹೆಚ್ಚುತ್ತದೆ, ಹಿಂದಕ್ಕೆ ಕಟ್ಟಿದರೆ ಕಡಿಮೆಯಾಗುತ್ತದೆ. ಇದರ ಮೇಲೆ ಮೇಳಿಯನ್ನು ಒತ್ತುವ ಅಂಗೈ. ಬೆಟ್ಟಿಗೆ ಹೋಗುವ ಮುಂಚೆ ಒಂದು ಕಟ್ಟು, ಬೈಲಿಗೆ ಇಳಿಯುವ ಮುಂಚೆ ಇನ್ನೊಂದು ಕಟ್ಟು. ಎತ್ತು ಕೋಣಗಳು ತಮ್ಮ ತೂಕದ ಹತ್ತರಲ್ಲಿ ಒಂದು ಪಾಲಿನಷ್ಟು ಬಲದಿಂದ ಮಾತ್ರ ದಿನವಿಡೀ ಎಳೆಯಬಲ್ಲವು. ಒಂದು ಜೋಡಿಯ ಶಕ್ತಿ ಹೆಚ್ಚೆಂದರೆ ಒಂದು ಅಶ್ವಶಕ್ತಿಯ ಹತ್ತಿರ. ಆದ್ದರಿಂದ ಹಿಂದಿನವರ ಉಳುಮೆ ಆಳ ಇರಲಿಲ್ಲ. ಆದರೆ ಎಲ್ಲಿ ಎಷ್ಟು ಎಂಬ ತೀರ್ಮಾನ ಉಳುವವನ ಕೈಯಲ್ಲಿತ್ತು.

ಈಗಿನ ಹುಡುಗರು ನೇಗಿಲು ನೋಡುವುದು ಕಂಬಳದಲ್ಲಿ. ಮೂಡುಬಿದಿರೆಯ ಕಡಲಕೆರೆಯಲ್ಲಿ, ವೇಣೂರಿನಲ್ಲಿ, ಬಂಟ್ವಾಳ ತಾಲೂಕಿನ ಹೊಕ್ಕಾಡಿಗೋಳಿಯಲ್ಲಿ ನೇಗಿಲು ಹಿರಿಯ, ನೇಗಿಲು ಕಿರಿಯ ವಿಭಾಗಗಳಿಗೆ ಸಾವಿರಾರು ಜನ ಸೇರುತ್ತಾರೆ. ಅಲ್ಲಿನ ನೇಗಿಲು ಓಟಕ್ಕೆಂದೇ ಹಗುರ ಮಾಡಿದ್ದು, ಅದಕ್ಕೆ ನೆಲ ಸೀಳುವ ಕೆಲಸವಿಲ್ಲ.

ಕೆಲಸ ಮಾಡುವ ನೇಗಿಲು ಅಟ್ಟಕ್ಕೆ ಹೋದ ಕತೆ ಉದ್ದವಿದೆ. ಭೂಸುಧಾರಣಾ ಕಾಯ್ದೆಯ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದು ಈ ಜಿಲ್ಲೆಯ ಗೇಣಿ ಒಕ್ಕಲುಗಳು ನೆಲದ ಒಡೆಯರಾದರು. ಉಳುವವನಿಗೆ ಹೊಲ ಸಿಕ್ಕಿತು. ಅದು ಆಗಬೇಕಾದದ್ದೇ ಆಗಿತ್ತು, ಇಷ್ಟು ಹೊತ್ತಿಗೆ ಮೂರನೇ ತಲೆಮಾರು ಅದರ ಫಲ ಉಣ್ಣುತ್ತಿದೆ. ಮುಂದಿನ ದಶಕಗಳಲ್ಲಿ ಅಡಿಕೆಗೆ ಬೆಲೆ ಬಂತು, ಮಕ್ಕಳು ಊರು ಬಿಟ್ಟರು, ಕೋಣ ಸಾಕುವವರು ಕಡಿಮೆಯಾದರು. ಮಜಲುಗಳಲ್ಲಿ ಅಡಿಕೆ ಸಸಿ ಎದ್ದವು, ಬೆಟ್ಟುಗಳು ಹಡಿಲು ಬಿದ್ದವು, ಕೊಳಕೆ ಬೆಳೆ ಬರೀ ನೆನಪಾಯಿತು. ಈಚಿನ ವರ್ಷಗಳಲ್ಲಿ ಇಡೀ ದಕ್ಷಿಣ ಕನ್ನಡದ ಮುಂಗಾರು ಭತ್ತದ ಗುರಿ ಹತ್ತು ಸಾವಿರ ಹೆಕ್ಟೇರಿನ ಆಸುಪಾಸಿನಲ್ಲಿದೆ. ಉಳಿದ ಗದ್ದೆಗಳನ್ನು ಉಳಿಸಿದ್ದು ಟಿಲ್ಲರ್. ಮಿತ್ಸುಬಿಷಿಯ ಸಹಯೋಗದಿಂದ ಬೆಂಗಳೂರಿನ ವಿ.ಎಸ್.ಟಿ., ಕುಬೋಟಾದ ಸಹಯೋಗದಿಂದ ಕೇರಳದ ಕ್ಯಾಮ್ಕೊ ಮಾಡಿಕೊಟ್ಟ ಈ ಯಂತ್ರ ಹುಣಿ ಹತ್ತಿ ಇಳಿದು ಸಣ್ಣ ಕಂಡಗಳಲ್ಲೂ ತಿರುಗಬಲ್ಲದು. ಅದರ ಉಪಕಾರವನ್ನು ಮರೆಯಲಾಗದು.

ಆದರೆ ಟಿಲ್ಲರಿನ ರೋಟರಿ ಬ್ಲೇಡುಗಳು ಮೇಲಿನ ಅರ್ಧ ಅಡಿ ಮಣ್ಣನ್ನು ಹಿಟ್ಟು ಮಾಡುತ್ತವೆ, ಅದರ ಕೆಳಗೆ ಏನನ್ನೂ ಮಾಡುವುದಿಲ್ಲ. ಹಿಂದಿನ ಚಿಕ್ಕ ಚಕ್ರವನ್ನು ಏರಿಸಿ ಇಳಿಸಿ ಆಳ ಬದಲಿಸಬಹುದು. ಬಾಡಿಗೆ ಗಂಟೆಯ ಲೆಕ್ಕದಲ್ಲಿ ಓಡುವಾಗ ಯಾರಿಗೆ ಅಷ್ಟು ವ್ಯವಧಾನ? ಹುಣಿಯಿಂದ ಹುಣಿಗೆ, ವರ್ಷದಿಂದ ವರ್ಷಕ್ಕೆ ಒಂದೇ ಆಳ. ರಸ್ತೆ ಬದಿಯ ಗದ್ದೆಗಳಿಗೆ ಒಂಬತ್ತು ಹಲ್ಲಿನ ಕಲ್ಟಿವೇಟರ್ ಕಟ್ಟಿದ ಟ್ರ್ಯಾಕ್ಟರ್ ಬರುತ್ತದೆ. ಅದರ ಹಲ್ಲುಗಳೂ ಮೇಲ್ಪದರದಲ್ಲೇ ಓಡಾಡಿ ಹೋಗುತ್ತವೆ, ಚಕ್ರದ ಭಾರ ಮಾತ್ರ ತಳಕ್ಕೆ ಇಳಿಯುತ್ತದೆ. ಮಾರುಕಟ್ಟೆಯಲ್ಲಿ ಸಿಗುವ ಸಬ್‌ಸಾಯ್ಲರ್ ಒಂದೂವರೆ ಅಡಿ ಸೀಳಬಲ್ಲದು. ಅದನ್ನು ಎಳೆಯಲು ದೊಡ್ಡ ಟ್ರ್ಯಾಕ್ಟರೇ ಬೇಕು. ನಮ್ಮ ಟಿಲ್ಲರುಗಳು ಒಂಬತ್ತರಿಂದ ಹದಿಮೂರು ಅಶ್ವಶಕ್ತಿಯವು. ಬಯಲುಸೀಮೆಯ ಎಕರೆಗಟ್ಟಲೆ ಕಪ್ಪು ಮಣ್ಣಿಗೆ ಮಾಡಿದ ಉಪಕರಣ ಎಂಟು ಸೆಂಟ್ಸಿನ ಕಂಡಕ್ಕೆ ಇಳಿಯುವುದು ಹೇಗೆ?

ಇಲ್ಲಿ ಎಂಜಿನಿಯರಿಂಗ್ ಶುರುವಾಗುತ್ತದೆ. ಹಲ್ಲು ಆಳಕ್ಕೆ ಹೋದಷ್ಟೂ ಮಣ್ಣು ಸಡಿಲವಾಗುತ್ತದೆ ಎಂದು ಯಾರಿಗಾದರೂ ಅನಿಸುತ್ತದೆ. ಇಂಗ್ಲೆಂಡಿನ ಸಿಲ್ಸೋದಲ್ಲಿ ಗಾರ್ಡನ್ ಸ್ಪೂರ್ ಮತ್ತು ರಿಚರ್ಡ್ ಗಾಡ್ವಿನ್ 1978ರಲ್ಲಿ ಪ್ರಕಟಿಸಿದ ಪ್ರಯೋಗಗಳು ಹಾಗಲ್ಲ ಎಂದು ತೋರಿಸಿದವು. ಒಂದು ಮಿತಿಯವರೆಗೆ ಹಲ್ಲಿನ ಮುಂದಿನ ಮಣ್ಣು ಬಿರಿದು ಮೇಲಕ್ಕೆ ಏಳುತ್ತದೆ. ಆ ಮಿತಿ ದಾಟಿದ ಮೇಲೆ ಮಣ್ಣು ಏಳುವುದಿಲ್ಲ, ಹಲಗೆಗೆ ಮೊಳೆ ಹೊಡೆದಾಗ ಆಗುವಂತೆ ಅಕ್ಕಪಕ್ಕಕ್ಕೆ ಒತ್ತಿಕೊಂಡು ಇನ್ನಷ್ಟು ಬಿಗಿಯಾಗುತ್ತದೆ. ಮಿತಿ ಎಲ್ಲಿ ಎಂಬುದು ಹಲ್ಲಿನ ಅಗಲವನ್ನೂ ಅದು ಮುಂದಕ್ಕೆ ಬಾಗಿದ ಕೋನವನ್ನೂ ಮಣ್ಣಿನ ತೇವವನ್ನೂ ಅವಲಂಬಿಸಿದೆ. ಒದ್ದೆ ಮಣ್ಣಿನಲ್ಲಿ ಅದು ಬೇಗ ಬಂದುಬಿಡುತ್ತದೆ. ಅವರೇ ಪರಿಹಾರವನ್ನೂ ಕಂಡುಕೊಂಡರು. ಹಲ್ಲಿನ ಬುಡಕ್ಕೆ ಎರಡು ಚಿಕ್ಕ ರೆಕ್ಕೆ ಜೋಡಿಸಿದರೆ ಅಥವಾ ಅದರ ಮುಂದೆ ಗಿಡ್ಡ ಹಲ್ಲುಗಳನ್ನು ಓಡಿಸಿ ಮೇಲ್ಮಣ್ಣನ್ನು ಮೊದಲೇ ಸಡಿಲಿಸಿದರೆ, ಎಳೆಯುವ ಬಲ ಹೆಚ್ಚಿದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು ಮಣ್ಣು ಬಿರಿಯುತ್ತದೆ. ಟಿಲ್ಲರಿನಷ್ಟು ಸಣ್ಣ ಯಂತ್ರಕ್ಕೆ ಆಸೆ ಹುಟ್ಟಿಸುವುದು ಈ ವಿಷಯವೇ. ನಮಗೆ ಒಂದೂವರೆ ಅಡಿ ಬೇಕಿಲ್ಲ. ಬೆಟ್ಟಿನ ಗಟ್ಟಿ ಪದರದ ತಳ ಮುಟ್ಟಲು ಮುಕ್ಕಾಲು ಅಡಿ, ಹೆಚ್ಚೆಂದರೆ ಒಂದು ಅಡಿ ಸಾಕು.

ಅಂಥ ಜೋಡಣೆ ಹೇಗಿರಬೇಕು ಎಂದು ನನ್ನನ್ನು ಕೇಳಿದರೆ ಹೀಗೆ ಹೇಳುತ್ತೇನೆ. ರೋಟರಿ ಬಿಚ್ಚಿದ ಜಾಗಕ್ಕೆ ಕೂರುವ ಒಂದು ಚೌಕಟ್ಟು, ಅದರ ನಡುವೆ ಒಂದೇ ಹಲ್ಲು, ಬೆರಳು ದಪ್ಪದ ಕಬ್ಬಿಣದ ಪಟ್ಟಿಯದ್ದು. ಪಟ್ಟಿಯಲ್ಲಿ ಇಂಚಿಗೊಂದು ತೂತು. ಪಿನ್ನು ಎಳೆದು, ಹಲ್ಲು ಏರಿಸಿ, ಪಿನ್ನು ತೂರಿಸಿದರೆ ಆಳ ಬದಲಾಗಬೇಕು. ಸ್ಪ್ಯಾನರ್ ಹುಡುಕುವ ಕೆಲಸ ಬಂದರೆ ಯಾರೂ ಬದಲಿಸುವುದಿಲ್ಲ, ಮನುಷ್ಯರ ಸ್ವಭಾವವೇ ಅದು. ಮೊನೆ ಮುಂದಕ್ಕೆ ಬಾಗಿರಬೇಕು, ಆಗ ಅದು ತಾನಾಗಿ ನೆಲಕ್ಕೆ ಇಳಿಯುತ್ತದೆ, ಎಳೆತವೂ ಕಡಿಮೆ. ರೆಕ್ಕೆಗಳು ಬಿಚ್ಚಿಡಲು ಬರುವಂತಿರಲಿ: ಬೆಟ್ಟಿಗೆ ರೆಕ್ಕೆ ಬೇಕು, ಮಜಲಿಗೆ ಬರೀ ಹಲ್ಲು ಸಾಕು. ಬೈಲಿಗೆ ಬಂದಾಗ ಹಲ್ಲನ್ನು ಪೂರ್ತಿ ಎತ್ತಿಡಬೇಕು. ನೆಲದಡಿಯ ಮುರಕಲ್ಲಿಗೆ ತಾಗಿದರೆ ಗೇರ್‌ಬಾಕ್ಸ್ ಒಡೆಯದ ಹಾಗೆ, ಮೊದಲು ತುಂಡಾಗುವ ಒಂದು ಮೆದು ಬೋಲ್ಟು ಇರಲೇಬೇಕು. ಮುರದ ಹರಳು ಕಬ್ಬಿಣವನ್ನು ತಿನ್ನುತ್ತದೆ. ಆದ್ದರಿಂದ ಮೊನೆಯನ್ನು ಬೇರೆಯಾಗಿ ಮಾಡಿ ಎರಡು ಬೋಲ್ಟಿನಲ್ಲಿ ಕೂರಿಸಿ, ಒಂದು ಬದಿ ಸವೆದ ಮೇಲೆ ತಿರುಗಿಸಿ ಹಾಕಲು ಬರುವಂತಿರಬೇಕು. ಮೊನೆಗೆ ಲಾರಿಯ ಹಳೆ ಸ್ಪ್ರಿಂಗ್ ಪ್ಲೇಟು ಒಳ್ಳೆಯದು; ಊರಿನ ಕುಲುಮೆಗಳಲ್ಲಿ ಕತ್ತಿ, ಹಾರೆಗಳಿಗೆ ಆಚಾರಿಗಳು ಅದನ್ನೇ ಬಳಸುವುದು. ಹದ ಹಿಡಿಯುವ ವಿದ್ಯೆ ಅವರ ಕೈಯಲ್ಲಿದೆ.

ಮಾಡುವವರು ಯಾರು ಎಂಬ ಪ್ರಶ್ನೆಗೆ ಉತ್ತರವೂ ಹತ್ತಿರದಲ್ಲೇ ಇದೆ. ಬಂಟ್ವಾಳದ ಬೆಂಜನಪದವು, ಬೆಳ್ತಂಗಡಿಯ ಉಜಿರೆ, ಮೂಡುಬಿದಿರೆಯ ಮಿಜಾರು, ಮೂರೂ ಕಡೆ ಎಂಜಿನಿಯರಿಂಗ್ ಕಾಲೇಜುಗಳಿವೆ. ಪ್ರತಿ ವರ್ಷ ಅಂತಿಮ ವರ್ಷದ ಮಕ್ಕಳಿಗೆ ಪ್ರಾಜೆಕ್ಟ್ ಬೇಕು. ಗೇಟಿನಾಚೆ ಗದ್ದೆ ಇದೆ. ಬೆಸುಗೆ ಹಾಕಿ, ಬಣ್ಣ ಬಳಿದು, ಫೋಟೊ ತೆಗೆದು ಮುಗಿಸಿದರೆ ಅದು ಪ್ರಾಜೆಕ್ಟ್ ಮಾತ್ರ. ಎಷ್ಟು ಬಲದಲ್ಲಿ ಎಳೆಯಿತು ಎಂದು ಅಳೆದು, ಎಳೆದ ಸಾಲಿಗೆ ಅಡ್ಡಲಾಗಿ ಗುಂಡಿ ತೋಡಿ, ಬಿರಿದ ಮಣ್ಣಿನ ಅಗಲವೆಷ್ಟು ಆಳವೆಷ್ಟು ಎಂದು ಬರೆದಿಟ್ಟು, ಮುಂದಿನ ಉದ್ದಿನ ಇಳುವರಿಯವರೆಗೆ ಹಿಂಬಾಲಿಸಿದರೆ ಆಗ ಅದು ಉಪಕರಣ. ಒಂದೇ ಬ್ಯಾಚಿನಲ್ಲಿ ಇದು ಮುಗಿಯುವುದಿಲ್ಲ. ಹಿಂದಿನ ವರ್ಷದವರ ಲೆಕ್ಕದ ಪುಸ್ತಕವನ್ನು ಮುಂದಿನ ವರ್ಷದವರ ಕೈಗಿಡುವ ಮೇಷ್ಟ್ರು ಬೇಕು.

ಉಪಕರಣವನ್ನು ಜನ ಒಪ್ಪುವುದಕ್ಕೂ ಕಾಲ ಹಿಡಿಯುತ್ತದೆ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನ ಲಕ್ಷ್ಮಣರಾವ್ ಕಿರ್ಲೋಸ್ಕರ್ 1903ರ ಹೊತ್ತಿಗೆ ಕಬ್ಬಿಣದ ನೇಗಿಲು ಮಾಡಿದಾಗ ಕಬ್ಬಿಣದಿಂದ ಮಣ್ಣಿಗೆ ವಿಷವೇರುತ್ತದೆ ಎಂದು ರೈತರು ಹೆದರಿದರು, ಮೊದಲ ನೇಗಿಲುಗಳು ಮಾರಾಟವಾಗಲು ವರ್ಷಗಳೇ ಬೇಕಾದವು. ರೈತರ ಕಡೆಯಿಂದ ಬಂದ ಉಪಕರಣಗಳ ದಾರಿ ಬೇರೆ. 2022ರ ಪದ್ಮಶ್ರೀ ಪಟ್ಟಿಯಲ್ಲಿ ಕರ್ನಾಟಕದ ಎರಡು ಹೆಸರುಗಳು ನನಗೆ ಒಟ್ಟೊಟ್ಟಿಗೆ ಕಂಡವು. ಒಂದು, ಧಾರವಾಡ ಜಿಲ್ಲೆಯ ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ್: ತಮ್ಮ ಸೀಮೆಯ ಕಪ್ಪು ಮಣ್ಣಿಗೆ ಒಪ್ಪುವ ಬಿತ್ತನೆಯ ಕೂರಿಗೆ, ಉಳುಮೆಯ ಸಲಕರಣೆಗಳನ್ನು ತಮ್ಮದೇ ವರ್ಕ್‌ಶಾಪಿನಲ್ಲಿ ಮಾಡಿದವರು. ಇನ್ನೊಂದು, ನಮ್ಮ ಬಂಟ್ವಾಳ ತಾಲೂಕಿನ ಕೇಪು ಗ್ರಾಮದ ಅಮೈ ಮಹಾಲಿಂಗ ನಾಯ್ಕರು: ಬರಡು ಗುಡ್ಡದ ಮುರವನ್ನು ಒಬ್ಬರೇ ಅಗೆದು, ಒಂದರ ಹಿಂದೊಂದು ಸುರಂಗ ಒಣಗಿದ್ದರೂ ಕೈ ಬಿಡದೆ, ಕೊನೆಗೆ ನೀರು ತಂದು ತೋಟ ಮಾಡಿದವರು. ಈ ನೆಲದ ಗಟ್ಟಿತನ ಎಷ್ಟು ಎಂಬುದನ್ನು ಅವರಷ್ಟು ಬಲ್ಲವರು ವಿರಳ. ಅದೇ ತಾಲೂಕಿನ ಸಜೀಪಮೂಡದ ಗಣಪತಿ ಭಟ್ಟರು ಅಡಿಕೆ ಮರ ಏರುವ ಬೈಕ್ ಮಾಡಿದ್ದು 2019ರಲ್ಲಿ ದೇಶಕ್ಕೆಲ್ಲ ಗೊತ್ತಾಯಿತು. ಅಡಿಕೆಗೆ ಬೆಲೆ ಇದೆ, ಹತ್ತುವವರಿಲ್ಲ. ಆ ಒತ್ತಡದಿಂದ ಯಂತ್ರ ಹುಟ್ಟಿತು. ಬೆಟ್ಟುಗದ್ದೆಗೆ ಅಷ್ಟು ಗಟ್ಟಿಯಾಗಿ ಕೂಗುವವರಿಲ್ಲ ಎಂಬುದೇ ನನ್ನ ಸಂಕಟ.

ಅಡಿಕೆ ತೋಟದವರಿಗೆ ಒಂದು ಮಾತು. ಮಣ್ಣು ಸಡಿಲಿಸುವ ಯಂತ್ರ ಬಂತೆಂದು ಅದನ್ನು ಮರದ ಸಾಲಿಗೆ ಇಳಿಸಬೇಡಿ. ಅಡಿಕೆಯ ಬೇರುಗಳ ಬಹುಪಾಲು ಬುಡದ ಸುತ್ತ ಮೇಲ್ಮಣ್ಣಿನಲ್ಲೇ ಹರಡಿರುತ್ತದೆ. ತೋಟಕ್ಕೆ ಬೇಕಾದ್ದು ಬಸಿಗಾಲುವೆ, ಸೊಪ್ಪು, ಹಟ್ಟಿಗೊಬ್ಬರ.

ಸಮಯದ ವಿಚಾರ ಯಂತ್ರದಷ್ಟೇ ಮುಖ್ಯ. ಏಣೆಲು ಕೊಯ್ಲಿನ ಮರುದಿನವೇ ಹಲ್ಲು ಇಳಿಸಿದರೆ ಒದ್ದೆ ಮಣ್ಣು ಬಿರಿಯುವುದಿಲ್ಲ, ಹಲ್ಲು ಹೋದ ದಾರಿಯ ಎರಡೂ ಬದಿ ಗಾರೆ ಮೆತ್ತಿದಂತೆ ನುಣುಪಾಗಿ ಮುಚ್ಚಿಕೊಳ್ಳುತ್ತದೆ. ಪದರದ ಆಳದಿಂದ ತೆಗೆದ ಮಣ್ಣನ್ನು ಅಂಗೈಯಲ್ಲಿ ಹೊಸೆದಾಗ ಬತ್ತಿಯಾದರೆ ಕಾಯಬೇಕು, ಹೊಸೆಯುವಾಗಲೇ ತುಂಡಾದರೆ ಇಳಿಯಬಹುದು. ಬೆಟ್ಟಿನಲ್ಲಿ ಆ ಹದ ಬೇಗ ಬರುತ್ತದೆ, ಮಜಲಿನಲ್ಲಿ ತಡ. ಕಾದು ಕಾದು ಕೆಡ್ಡಸದವರೆಗೆ ಹೋದರೆ ಕಾಲ ಮೀರಿತು. ಫೆಬ್ರವರಿಯ ಆ ಮೂರು ದಿನ ತುಳುನಾಡಿನಲ್ಲಿ ಭೂಮಿತಾಯಿ ಮುಟ್ಟಾದಳೆಂದು ನೆಲಕ್ಕೆ ನೇಗಿಲು, ಹಾರೆ ಏನನ್ನೂ ತಾಗಿಸುವುದಿಲ್ಲ, ಮನೆಗಳಲ್ಲಿ ನನ್ನೆರಿ ಮಾಡುತ್ತಾರೆ. ಅಷ್ಟರಲ್ಲಿ ಮುರ ಮಣ್ಣು ಒಣಗಿ, ಟಿಲ್ಲರ್ ಚಕ್ರ ನಿಂತಲ್ಲೇ ತಿರುಗುವಷ್ಟು ಬಿಗಿದಿರುತ್ತದೆ.

ಇನ್ನು ಹಣದ ಲೆಕ್ಕ. ವರ್ಷದಲ್ಲಿ ಕೆಲವೇ ದಿನ ಬೇಕಾಗುವ ಇಂಥ ಹಲ್ಲನ್ನು ಪ್ರತಿ ಮನೆಯವರೂ ಕೊಳ್ಳುವುದು ಸಾಧ್ಯವೂ ಅಲ್ಲ, ಅಗತ್ಯವೂ ಇಲ್ಲ. 1982ರಲ್ಲಿ ಬೆಳ್ತಂಗಡಿಯಿಂದಲೇ ಕೆಲಸ ಶುರು ಮಾಡಿದ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ರಾಜ್ಯದ ಹಲವೆಡೆ ನಡೆಸುವ ಕೃಷಿ ಯಂತ್ರಧಾರೆಯಂಥ ಬಾಡಿಗೆ ಕೇಂದ್ರಗಳಲ್ಲಿ ಟಿಲ್ಲರಿನ ಜೊತೆಗೆ ಇದೂ ಇದ್ದರೆ ಸಾಕು. ಸರಕಾರದ ಸಹಾಯಧನ ಬೇಕೆಂದರೆ ಉಪಕರಣಕ್ಕೆ ಪರೀಕ್ಷಾ ವರದಿ ಇರಬೇಕು. ದಕ್ಷಿಣ ಭಾರತಕ್ಕೆ ಕೇಂದ್ರ ಸರಕಾರದ ಪರೀಕ್ಷಾ ಸಂಸ್ಥೆ ಇರುವುದು ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿ. ಸಿದ್ದಕಟ್ಟೆಯ ಅಥವಾ ವೇಣೂರಿನ ಒಬ್ಬ ವೆಲ್ಡಿಂಗ್ ಶಾಪಿನವನು ಅಲ್ಲಿಗೆ ಹೋಗಿ ಬರುವುದು ಆಗದ ಮಾತು. ಆ ಓಡಾಟವನ್ನು ಕಾಲೇಜೊಂದು ವಹಿಸಿಕೊಳ್ಳಬೇಕು, ಮಣ್ಣಿನ ಪ್ರಯೋಗಕ್ಕೆ ಬ್ರಹ್ಮಾವರದ ಕೃಷಿ ಸಂಶೋಧನಾ ಕೇಂದ್ರವೋ ಮಂಗಳೂರಿನ ಕೃಷಿ ವಿಜ್ಞಾನ ಕೇಂದ್ರವೋ ಕೈಜೋಡಿಸಬೇಕು. ಬಾಡಿಗೆಯನ್ನು ಗಂಟೆಗೆ ಕಟ್ಟದೆ ಸಾಲಿನ ಉದ್ದಕ್ಕೆ ಕಟ್ಟಿದರೆ ಚಾಲಕ ನಿಧಾನವಾಗಿ ಓಡಿಸಿದರೂ, ಗದ್ದೆ ಬದಲಾದಾಗ ಇಳಿದು ಪಿನ್ನು ಬದಲಿಸಿದರೂ ರೈತನಿಗೆ ನಷ್ಟವಿಲ್ಲ. ಮೊದಲ ವರ್ಷ ಮೂರು ತಾಲೂಕುಗಳಲ್ಲಿ ಒಂದೊಂದು ಬೆಟ್ಟುಗದ್ದೆ ಆರಿಸಿ, ಅರ್ಧ ಕಂಡಕ್ಕೆ ಹಲ್ಲು ಓಡಿಸಿ, ಇನ್ನರ್ಧವನ್ನು ಹಾಗೆಯೇ ಬಿಟ್ಟು, ಎರಡಕ್ಕೂ ಒಂದೇ ದಿನ ಒಂದೇ ಉದ್ದು ಬಿತ್ತಬೇಕು. ಜನವರಿ ಕೊನೆಯಲ್ಲಿ ಎರಡೂ ಬದಿಯ ಗಿಡ ಕಿತ್ತು ಬೇರು ತೊಳೆದು, ಊರವರನ್ನು ಕರೆದು ಹುಣಿಯ ಮೇಲೆ ಸಾಲಾಗಿ ಇಟ್ಟು ತೋರಿಸಬೇಕು.